ಐದು ದೇಶಕ್ಕೆ ಪ್ರವಾಹದ ಸೂಚನೆ ಕೊಡುತ್ತೇವಂತೆ, ನಮ್ಮ ಲೇಔಟ್‌ಗೆ ಯಾಕೆ ಬರಲಿಲ್ಲ?

ಕೆರೆಕೋಡಿ_ಯಲಹಂಕ

2020ರ ಅಕ್ಟೋಬರ್‌ನಿಂದ ದೆಹಲಿಯ ಹವಾಮಾನ ಇಲಾಖೆಯಲ್ಲಿ ದಕ್ಷಿಣ ಏಷ್ಯಾಕ್ಕೆಲ್ಲ ದಿಢೀರ್ ಪ್ರವಾಹದ ಸೂಚನೆ ಕೊಡುವ ವ್ಯವಸ್ಥೆ ಇದೆಯಂತೆ. ನಾವು, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ. ಒಟ್ಟು ಐದು ದೇಶ. ಓದಿ ಖುಷಿಪಡಬೇಕೋ ನಗಬೇಕೋ ಗೊತ್ತಾಗಲಿಲ್ಲ.

2024ರ ಅಕ್ಟೋಬರ್ ಮಳೆಗೆ ನಮ್ಮ ಬೇಸ್‌ಮೆಂಟ್ ಪೂರ್ತಿ ತುಂಬಿತ್ತು. ಟ್ರಾನ್ಸ್‌ಫಾರ್ಮರ್ ಆಫ್ ಮಾಡಿದರು, ಲಿಫ್ಟ್ ನಿಂತಿತು. ವಯಸ್ಸಾದವರನ್ನು ಟ್ರ್ಯಾಕ್ಟರ್ ಹತ್ತಿಸಿ ಮೇನ್ ರೋಡಿಗೆ ಬಿಟ್ಟು ಬಂದೆವು. ನಮಗೆ ಬಂದ ಒಂದೇ ಮುನ್ನೆಚ್ಚರಿಕೆ ಅಂದರೆ ಅಸೋಸಿಯೇಷನ್ ಸೆಕ್ರೆಟರಿ ವಾಟ್ಸಾಪ್‌ನಲ್ಲಿ ಹಾಕಿದ್ದು: "ಸಂಪ್‌ಗೆ ಚರಂಡಿ ನೀರು ಸೇರಿದೆ, ಯಾರೂ ಕುಡಿಯಬೇಡಿ." ಅಷ್ಟು ಹೊತ್ತಿಗೆ ಅರ್ಧ ಜನ ಕಾಫಿ ಕುಡಿದಾಗಿತ್ತು.

ನನ್ನ ಪ್ರಶ್ನೆ ಇಷ್ಟೇ. ಈ ದೇಶ-ದೇಶಗಳ ನಡುವಿನ ಹವಾಮಾನ ಸಹಕಾರ ಅನ್ನುವುದು ನಿಜವಾಗಿ ನಡೆಯುತ್ತದಾ? ಇಲ್ಲ, ಹೋಟೆಲ್‌ನಲ್ಲಿ ಮೀಟಿಂಗ್, ಗ್ರೂಪ್ ಫೋಟೋ, ಶಾಲು, ಹಾರ ಅಷ್ಟೇನಾ?

ಮಳೆಮಾಪಕ

ಸರ್, ನಿಮ್ಮ ಸಿಟ್ಟು ಸರಿ, ವಿಳಾಸ ತಪ್ಪಿದೆ.

ಆ ವ್ಯವಸ್ಥೆ ನೋಡುವುದು ಸಣ್ಣ ಹೊಳೆಗಳ ಜಲಾನಯನವನ್ನು. ಮಣ್ಣು ಈಗಾಗಲೇ ಎಷ್ಟು ನೆನೆದಿದೆ, ಇನ್ನು ಎಷ್ಟು ಮಿ.ಮೀ. ಮಳೆ ಬಿದ್ದರೆ ಹಳ್ಳ ದಂಡೆ ಮೀರುತ್ತದೆ ಅಂತ 4 ಕಿ.ಮೀ. ಚೌಕದ ಮಟ್ಟದಲ್ಲಿ ಲೆಕ್ಕ ಹಾಕುತ್ತದೆ. 6 ಗಂಟೆ ಮುಂಚಿನ ಅಪಾಯ ಒಂದು, 24 ಗಂಟೆ ಮುಂಚಿನ ಸಾಧ್ಯತೆ ಇನ್ನೊಂದು. ಆ ಮಾಹಿತಿ ಹೋಗುವುದು ಆಯಾ ದೇಶದ ಹವಾಮಾನ ಮತ್ತು ಪ್ರವಾಹ ಇಲಾಖೆಗೆ. ಎಚ್ಚರಿಕೆ ಹೊರಡಿಸುವುದು ಬಿಡುವುದು ಅವರಿಗೆ ಸೇರಿದ್ದು. ನೇಪಾಳದ ಬೆಟ್ಟದ ಹೊಳೆಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಲ್ಲಿ ನೆನೆಯುವುದಕ್ಕೆ ಮಣ್ಣು ಎಲ್ಲಿದೆ? ರಾಜಕಾಲುವೆಯನ್ನು ಎಲ್ಲಿ ಕಿರಿದು ಮಾಡಿದ್ದಾರೆ, ಯಾವ ಮೋರಿ ಬಾಯಿಗೆ ಹಾಸಿಗೆ ಸಿಕ್ಕಿಕೊಂಡಿದೆ ಅಂತ ದೆಹಲಿಯ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ.

ಇನ್ನು ಶಾಲು, ಹಾರದ ಮಾತು. ಬೆಳಗ್ಗೆ 5.30, ಸಂಜೆ 5.30. ಈ ಎರಡು ಹೊತ್ತಿನ ಆಸುಪಾಸು ಜಗತ್ತಿನ ನೂರಾರು ಕೇಂದ್ರಗಳಿಂದ ಹವಾಮಾನದ ಬಲೂನು ಮೇಲಕ್ಕೆ ಹೋಗುತ್ತದೆ. ಗ್ರೀನ್‌ವಿಚ್ ಸಮಯ 0 ಮತ್ತು 12 ಗಂಟೆ, ಅದಕ್ಕೇ ನಮಗೆ ಈ ಅರ್ಧ ಗಂಟೆಯ ಬಾಲ. ಬೆಂಗಳೂರೂ ಅಂಥ ಒಂದು ಕೇಂದ್ರ. ಬಲೂನಿಗೆ ಒಂದು ಸಣ್ಣ ಡಬ್ಬಿ ಕಟ್ಟಿರುತ್ತಾರೆ. ಮೇಲೇರುತ್ತಾ ಉಷ್ಣಾಂಶ, ತೇವಾಂಶ, ಒತ್ತಡ, ಗಾಳಿ ಎಲ್ಲ ಹೇಳುತ್ತಾ ಹೋಗುತ್ತದೆ. 30 ಕಿ.ಮೀ. ಆಸುಪಾಸಿಗೆ ಬಲೂನು ಒಡೆಯುತ್ತದೆ. ಆ ಅಂಕಿಗಳು ವಿಶ್ವ ಹವಾಮಾನ ಸಂಸ್ಥೆಯ ಜಾಲದಲ್ಲಿ ಎಲ್ಲ ದೇಶಕ್ಕೂ ಹೋಗುತ್ತವೆ. ಆ ಜಾಲದಲ್ಲಿ ನಮ್ಮ ಭಾಗದ ದೊಡ್ಡ ಜಂಕ್ಷನ್ ದೆಹಲಿ. ಬೆಳಗಿನ ಅಂಕಿ ಹವಾಮಾನ ಲೆಕ್ಕ ಹಾಕುವ ಇಂಗ್ಲೆಂಡಿನ ಕಂಪ್ಯೂಟರ್ ಮಾದರಿಗೂ ಹೋಗುತ್ತದೆ, ಚೀನಾದ ಮಾದರಿಗೂ ಹೋಗುತ್ತದೆ. ದುಡ್ಡಿಲ್ಲ, ಪಾಸ್‌ಪೋರ್ಟ್ ಇಲ್ಲ. ಆ ಸಂಸ್ಥೆ 1950ರಿಂದ ಇದೆ, 193 ಸದಸ್ಯರಿದ್ದಾರೆ. ಇದನ್ನು ಯಾರೂ ಸುದ್ದಿ ಮಾಡುವುದಿಲ್ಲ, ಯಾಕೆಂದರೆ ಇದು ದಿನಾ ಸುಮ್ನೆ ನಡೆಯುತ್ತದೆ.

ರಾಜಾಜಿನಗರ 2ನೇ ಬ್ಲಾಕ್

ಸುಮ್ನೆ ನಡೆಯುವುದು ಅಂದರೆ ಚಂಡಮಾರುತಕ್ಕೆ ನಾಮಕರಣ ಮಾಡುವುದಾ? 😀 13 ದೇಶ ಕೂತು ತಲಾ 13 ಹೆಸರು, ಒಟ್ಟು 169 ಹೆಸರಿನ ಪಟ್ಟಿ. ಫೆಂಗಲ್ ಹೆಸರು ಕೊಟ್ಟಿದ್ದು ಸೌದಿ ಅರೇಬಿಯಾ, ಮಳೆ ಹೊಡೆದಿದ್ದು ವಿಲ್ಲುಪುರಂಗೆ. ಒಳ್ಳೆ ಸಹಕಾರ.

ಮಳೆಮಾಪಕ

ನಗಿ ಗುರು, ನಗುವುದಕ್ಕೆ ಕಾಸಿಲ್ಲ. ಆದರೆ ಆ 13 ದೇಶದ ಕೂಟ ಹುಟ್ಟಿದ ಹಿನ್ನೆಲೆ ಕೇಳಿ.

1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಭೋಲಾ ದ್ವೀಪದ ಕಡೆ ಬಂದ ಚಂಡಮಾರುತಕ್ಕೆ ಸತ್ತವರು 3 ಲಕ್ಷಕ್ಕೂ ಜಾಸ್ತಿ. ಚಂಡಮಾರುತ ಬರುತ್ತಿದೆ ಅಂತ ಗೊತ್ತಿತ್ತು. ದಂಡೆಯ ಜನಕ್ಕೆ ಆ ಮಾತು ಸರಿಯಾಗಿ ಮುಟ್ಟಲಿಲ್ಲ. 1972ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಆಯೋಗ ಸೇರಿ ಈ ಕೂಟ ಮಾಡಿದವು. ಇದರಲ್ಲಿ ಭಾರತ, ಪಾಕಿಸ್ತಾನ, ಇರಾನ್, ಮ್ಯಾನ್ಮಾರ್, ಯೆಮನ್ ಎಲ್ಲ ಒಂದೇ ಟೇಬಲ್‌ನಲ್ಲಿ ಕೂರುತ್ತಾರೆ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಕ್ಕೆ ದೆಹಲಿಯೇ ಪ್ರಾದೇಶಿಕ ಕೇಂದ್ರ. ಚಂಡಮಾರುತ ಎದ್ದಾಗ ಮೂರು ಗಂಟೆಗೊಮ್ಮೆ ಎಲ್ಲರಿಗೂ ಬುಲೆಟಿನ್ ಹೋಗುತ್ತದೆ. ಎಲ್ಲಿ ದಡ ಸೇರುತ್ತದೆ, ಗಾಳಿ ಎಷ್ಟು, ಸಮುದ್ರ ಎಷ್ಟು ಎತ್ತರಕ್ಕೆ ಉಬ್ಬುತ್ತದೆ, ಎಲ್ಲ. ಹೆಸರು ಇಡುವುದು ಅದರ ಬಾಲಂಗೋಚಿ ಅಷ್ಟೇ. ಅದು ಶುರುವಾಗಿದ್ದೂ 2004ರಲ್ಲಿ.

1999ರಲ್ಲಿ ಒಡಿಶಾದಲ್ಲಿ 10 ಸಾವಿರದಷ್ಟು ಜನ ಹೋದರು. 2013ರ ಫೈಲಿನ್‌ಗೆ ಅದೇ ಕರಾವಳಿಯಲ್ಲಿ ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಗಾಳಿ ಸೌಮ್ಯವಾಯಿತು ಅಂತಲ್ಲ. ಮುನ್ಸೂಚನೆ ಸುಧಾರಿಸಿತು, ಸೈಕ್ಲೋನ್ ಶೆಲ್ಟರ್ ಕಟ್ಟಿದರು, ಲಕ್ಷಗಟ್ಟಲೆ ಜನರನ್ನು ಮೊದಲೇ ಎಬ್ಬಿಸಿ ಸಾಗಿಸಿದರು.

ಪೀಣ್ಯ_ಟೆಲಿಮೆಟ್ರಿ

ಆಕಾಶದ ವಿಷಯದಲ್ಲಿ ಮಳೆಮಾಪಕ ಅವರ ಮಾತು ಒಪ್ಪುತ್ತೇನೆ. ನದಿಗೆ ಬಂದರೆ ಕಥೆಯೇ ಬೇರೆ. ನೀರಿನ ಮಟ್ಟ ಅಳೆಯುವ ಡಬ್ಬಿಗಳನ್ನು ಜೋಡಿಸುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಂದು ಪ್ರಕರಣವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2024ರ ಆಗಸ್ಟ್. ತ್ರಿಪುರಾದಲ್ಲಿ, ಪಕ್ಕದ ಬಾಂಗ್ಲಾದೇಶದ ಫೆನಿ, ಕುಮಿಲ್ಲಾ ಜಿಲ್ಲೆಗಳಲ್ಲಿ ಭಯಂಕರ ಮಳೆ. ಢಾಕಾದಲ್ಲಿ ಸರ್ಕಾರ ಉರುಳಿ ಇನ್ನೂ ಮೂರು ವಾರ ಆಗಿರಲಿಲ್ಲ. ಅಲ್ಲಿ ಸುದ್ದಿ ಹಬ್ಬಿತು: ಭಾರತ ಗೋಮತಿ ನದಿಯ ಡುಂಬೂರ್ ಡ್ಯಾಂನ ಗೇಟ್ ತೆಗೆದಿದೆ, ಹೇಳದೆ ಕೇಳದೆ ನೀರು ಬಿಟ್ಟಿದೆ. ಢಾಕಾದಲ್ಲಿ ಮೆರವಣಿಗೆ ಆಯಿತು.

ನಮ್ಮ ವಿದೇಶಾಂಗ ಇಲಾಖೆ ಕೊಟ್ಟ ವಿವರಣೆ ಓದಿದರೆ ಎಂಜಿನಿಯರ್ ಆದವನಿಗೆ ಹೊಟ್ಟೆ ಉರಿಯುತ್ತದೆ. ಡುಂಬೂರ್ ಇರುವುದು ಗಡಿಯಿಂದ 120 ಕಿ.ಮೀ.ಗೂ ದೂರ. ಸುಮಾರು 30 ಮೀಟರ್ ಎತ್ತರದ ಸಣ್ಣ ಡ್ಯಾಂ. ಅಲ್ಲಿ ಹುಟ್ಟುವ ಕರೆಂಟಿನಲ್ಲಿ ಬಾಂಗ್ಲಾದೇಶಕ್ಕೂ ಪಾಲಿದೆ. ಗಡಿಯವರೆಗಿನ ದಾರಿಯಲ್ಲಿ ನೀರಿನ ಮಟ್ಟ ನೋಡುವ ಮೂರು ಜಾಗ ಇವೆ. ಅದರಲ್ಲಿ ಅಮರ್‌ಪುರದ ಅಂಕಿಯನ್ನು ಒಪ್ಪಂದದ ಪ್ರಕಾರ ನೇರವಾಗಿ ಬಾಂಗ್ಲಾದೇಶಕ್ಕೆ ಕಳಿಸಬೇಕು. ಆಗಸ್ಟ್ 21ರ ಮಧ್ಯಾಹ್ನ 3 ಗಂಟೆಯವರೆಗೆ ನೀರು ಏರುತ್ತಿದೆ ಅನ್ನುವ ಅಂಕಿ ಹೋಗಿದೆ. ಸಂಜೆ 6 ಗಂಟೆಗೆ ಪ್ರವಾಹದಿಂದಲೇ ಕರೆಂಟ್ ಹೋಯಿತು, ಸಂಪರ್ಕಕ್ಕೆ ತೊಂದರೆ ಆಯಿತು.

ಮತ್ತೊಮ್ಮೆ ಓದಿ. ಪ್ರವಾಹದ ಅಂಕಿ ಕಳಿಸಬೇಕಾದ ಜಾಗದಲ್ಲಿ ಪ್ರವಾಹ ಬಂದಾಗ ಕರೆಂಟ್ ಹೋಯಿತು. ಅಂಕಿ ನಿಂತ ಕೂಡಲೇ ಆ ಜಾಗಕ್ಕೆ ಗಾಳಿಸುದ್ದಿ ಬಂದು ಕೂತಿತು.

ಇದಕ್ಕೆ ದೊಡ್ಡ ರಾಜತಾಂತ್ರಿಕತೆ ಏನೂ ಬೇಡ. ಒಂದು ಸೋಲಾರ್ ಪ್ಯಾನೆಲ್, ವಾರಗಟ್ಟಲೆ ಮೋಡ ಇದ್ದರೂ ತಡೆಯುವ ಬ್ಯಾಟರಿ, ಮೊಬೈಲ್ ಟವರ್ ಬಿದ್ದರೂ ಉಪಗ್ರಹಕ್ಕೆ ನೇರವಾಗಿ ಮಾತಾಡುವ ಟ್ರಾನ್ಸ್‌ಮಿಟರ್. ಡಬ್ಬಿಯನ್ನು ಹಳೆ ಪ್ರವಾಹದ ಗುರುತಿಗಿಂತ ಎತ್ತರಕ್ಕೆ ಕೂರಿಸಬೇಕು. ಮೂರು ಒಪ್ಪಂದಕ್ಕೆ ಸಹಿ ಹಾಕುವುದಕ್ಕಿಂತ ಇಂಥ ಒಂದು ಡಬ್ಬಿಯನ್ನು ನೆಟ್ಟಗೆ ಇಟ್ಟುಕೊಳ್ಳುವುದು ಮುಖ್ಯ ಅಂತ ನನ್ನ ಅನಿಸಿಕೆ. ಮೇಂಟೆನೆನ್ಸ್‌ಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಅದೇ ಪ್ರಾಬ್ಲಂ.

ಹಾಸನದ ಹುಡುಗಿ

ಅಣ್ಣ, ಇದಕ್ಕೆ ಒಂದು ಸೇರಿಸುತ್ತೇನೆ. ಬಾಂಗ್ಲಾದೇಶಕ್ಕೆ ಹರಿದು ಬರುವ ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳ ಜಲಾನಯನದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ಅವರ ದೇಶದ ಹೊರಗಿದೆ. ಅಂದರೆ ಮೇಲಿನವರು ಹೇಳದಿದ್ದರೆ ಅವರಿಗೆ ಪ್ರವಾಹ ಮನೆ ಬಾಗಿಲಿಗೆ ಬಂದಾಗಲೇ ಗೊತ್ತಾಗುವುದು. 1972ರಿಂದ ಎರಡೂ ದೇಶದ ಜಂಟಿ ನದಿ ಆಯೋಗ ಇದೆ. ಮಳೆಗಾಲದಲ್ಲಿ ನಾವು ಅಂಕಿ ಕೊಡುತ್ತೇವೆ, ಪುಕ್ಕಟೆಯಾಗಿ. ಆದರೆ ಗಂಗಾ, ಬ್ರಹ್ಮಪುತ್ರ, ಸಿಂಧೂ ನದಿಗಳ ಹರಿವಿನ ಅಂಕಿ ನಮ್ಮ ದೇಶದಲ್ಲಿ ಗೋಪ್ಯ ಪಟ್ಟಿಯಲ್ಲಿದೆ. ಕಾವೇರಿ, ಕೃಷ್ಣಾ ಅಂಕಿಯನ್ನು ನಾನು ಮನೆಯಲ್ಲಿ ಕೂತು ನೋಡಬಹುದು. ಗಂಗೆಯದು ಬೇಕಂದರೆ ಅರ್ಜಿ ಹಾಕಬೇಕು.

ಇನ್ಸಾಟ್ ಉಪಗ್ರಹದ ಮೋಡದ ಚಿತ್ರ ಮಾತ್ರ ಕಠ್ಮಂಡುವಿನಲ್ಲಿ ಕೂತವರೂ ನೋಡಬಹುದು, ಕೊಲಂಬೊದಲ್ಲಿ ಕೂತವರೂ ನೋಡಬಹುದು. ಆ ಉಪಗ್ರಹಗಳನ್ನು ಕಟ್ಟುವುದು ಬೆಂಗಳೂರಲ್ಲಿ, ಅವುಗಳ ಸ್ಟಿಯರಿಂಗ್ ಇರುವುದು ನಮ್ಮ ಹಾಸನದಲ್ಲಿ (ಊರಿನ ಜಂಬ, ಕ್ಷಮೆ ಇರಲಿ). 2024ರ ಫೆಬ್ರವರಿಯಲ್ಲಿ ಹೋದ ಇನ್ಸಾಟ್-3ಡಿಎಸ್ ಆ ಸಾಲಿನಲ್ಲಿ ಹೊಸದು. 36 ಸಾವಿರ ಕಿ.ಮೀ. ಮೇಲಿಂದ ಕಂಡಿದ್ದನ್ನು ಎಲ್ಲರಿಗೂ ತೋರಿಸುತ್ತೇವೆ. ಸೇತುವೆ ಕಂಬಕ್ಕೆ ಬಳಿದ ಅಳತೆಪಟ್ಟಿಯಲ್ಲಿ ಕಂಡಿದ್ದನ್ನು ಬಚ್ಚಿಡುತ್ತೇವೆ.

ದೇಶ ಮೊದಲು

ಬಚ್ಚಿಡಬೇಕಾದ್ದೇ. ನದಿ ಅಂಕಿ ಕೊಟ್ಟರೆ ಡ್ಯಾಂ, ಸೇತುವೆ, ಎಲ್ಲದರ ಗುಟ್ಟು ಕೊಟ್ಟ ಹಾಗೆ. ಚೀನಾ ನಮಗೆ ಕೊಡುತ್ತದಾ? ಪಾಕಿಸ್ತಾನಕ್ಕೆ ನಾವು ಯಾಕೆ ಕೊಡಬೇಕು? ಸಿಂಧೂ ಒಪ್ಪಂದವನ್ನೇ ತಡೆಹಿಡಿದಿದ್ದೇವೆ.

ಮಳೆಮಾಪಕ

ಚೀನಾ ಕೊಡುತ್ತಿತ್ತು ಸರ್. 2002ರಲ್ಲಿ ಬ್ರಹ್ಮಪುತ್ರಕ್ಕೆ ಒಪ್ಪಂದ ಆಯಿತು. ಟಿಬೆಟ್‌ನ ಮೂರು ಕೇಂದ್ರಗಳಿಂದ ಮಳೆಗಾಲದ ಅಂಕಿ ಬರುತ್ತಿತ್ತು, ಮೇ 15ರಿಂದ ಅಕ್ಟೋಬರ್ 15ರವರೆಗೆ. 2017ರಲ್ಲಿ ದೋಕ್ಲಾಂ ಗಲಾಟೆ ನಡೆದ ವರ್ಷ ಬರಲಿಲ್ಲ. ಕೇಂದ್ರ ರಿಪೇರಿಯಲ್ಲಿದೆ ಅಂದರು. 2018ಕ್ಕೆ ಮತ್ತೆ ಶುರುವಾಯಿತು. 2023ರಲ್ಲಿ ಒಪ್ಪಂದದ ಅವಧಿಯೇ ಮುಗಿಯಿತು. ನಿಮ್ಮ ವಾದ ಇಲ್ಲಿಗೆ ಹೊಂದುತ್ತದೆ ಅಂತ ನೀವು ಹೇಳಬಹುದು. ನಾನು ಉಲ್ಟಾ ಹೇಳುತ್ತೇನೆ: ಅಂಕಿ ನಿಂತ ವರ್ಷ ಕಷ್ಟ ಆಗುವುದು ಅಸ್ಸಾಂನ ರೈತನಿಗೆ, ಬೀಜಿಂಗ್‌ಗೂ ದೆಹಲಿಗೂ ಅಲ್ಲ.

ಸಟ್ಲೆಜ್ ನೋಡಿ. 2000ದ ಆಗಸ್ಟ್‌ನಲ್ಲಿ ಹಿಮಾಚಲದಲ್ಲಿ ರಾತ್ರೋರಾತ್ರಿ ನೀರು ನುಗ್ಗಿ ನೂರಕ್ಕೂ ಜಾಸ್ತಿ ಜನ ಸತ್ತರು. 2004ರಲ್ಲಿ ಟಿಬೆಟ್‌ನ ಪರೇಚು ಹೊಳೆಗೆ ಗುಡ್ಡ ಕುಸಿದು ಕೆರೆ ಕಟ್ಟಿಕೊಂಡಿತು. ಈ ಸಲ ಚೀನಾ ಹೇಳಿತು, ನಮ್ಮ ಉಪಗ್ರಹವೂ ನೋಡುತ್ತಿತ್ತು. 2005ರ ಜೂನ್‌ನಲ್ಲಿ ಅದು ಒಡೆದಾಗ ಸೇತುವೆ, ರಸ್ತೆ ಹೋದವು. ಜನರನ್ನು ಮೊದಲೇ ದಂಡೆಯಿಂದ ಮೇಲಕ್ಕೆ ಕಳಿಸಿದ್ದರು.

ಪಾಕಿಸ್ತಾನದ ವಿಷಯಕ್ಕೂ ಬರುತ್ತೇನೆ. 2025ರ ಏಪ್ರಿಲ್‌ನಲ್ಲಿ ಒಪ್ಪಂದ ತಡೆಹಿಡಿದ ಮೇಲೂ, ಅದೇ ವರ್ಷ ಆಗಸ್ಟ್‌ನಲ್ಲಿ ಜಮ್ಮುವಿನ ತಾವಿ ನದಿ ಉಕ್ಕಿದಾಗ ಭಾರತ ಪಾಕಿಸ್ತಾನಕ್ಕೆ ಎಚ್ಚರಿಕೆ ಕೊಟ್ಟಿತು. ಮಾಮೂಲಿ ಸಿಂಧೂ ಆಯುಕ್ತರ ದಾರಿ ಬಿಟ್ಟು ಹೈಕಮಿಷನ್ ಮೂಲಕ, ಮಾನವೀಯತೆ ಅಂತ ಹೇಳಿ ಕೊಟ್ಟಿತು. ದೇಶದ ಗುಟ್ಟೇನೂ ಸೋರಲಿಲ್ಲ.

ದೇಶ ಮೊದಲು

ಮಾನವೀಯತೆ ಬೇರೆ, ದಿನನಿತ್ಯ ಅಂಕಿ ಕೊಡುವುದು ಬೇರೆ. ನನ್ನ ಮಾತು ಅಷ್ಟೇ.

ಪೀಣ್ಯ_ಟೆಲಿಮೆಟ್ರಿ

ದಿನನಿತ್ಯದ ಅಂಕಿ ಇಲ್ಲದೆ ಒಂದು ದಿನದ ಎಚ್ಚರಿಕೆಯಿಂದ ಜಾಸ್ತಿ ಲಾಭ ಇಲ್ಲ ಸರ್. "ಭಾರಿ ನೀರು ಬರುತ್ತಿದೆ" ಅಂದರೆ ಎಷ್ಟು, ಯಾವಾಗ? ಹಿಂದಿನ ಹತ್ತು ವರ್ಷದ ಅಂಕಿ ಕೈಯಲ್ಲಿದ್ದರೆ ತಾನೇ, ಮೇಲೆ ಇಷ್ಟು ಏರಿದರೆ ಕೆಳಗೆ ಇಷ್ಟು ಗಂಟೆಗೆ ಇಷ್ಟು ಏರುತ್ತದೆ ಅಂತ ಹೇಳಲಾಗುವುದು. ಭೂತಾನ್ ಜೊತೆ ಇದು 1979ರಿಂದ ನಡೆಯುತ್ತಿದೆ. ಅಲ್ಲಿಯ ಮಳೆ ಮತ್ತು ನದಿ ಕೇಂದ್ರಗಳ ಖರ್ಚು ನಾವು ಕೊಡುತ್ತೇವೆ, ನಡೆಸುವವರು ಅವರು, ಅಂಕಿ ಬರುವುದು ಅಸ್ಸಾಂ, ಬಂಗಾಳದ ಮುನ್ಸೂಚನೆಗೆ. ಯಾರೂ ಜಗಳ ಆಡಿದ್ದು ಕೇಳಿಲ್ಲ.

ಅಥಣಿಯವ

ಎಲ್ಲರೂ ಢಾಕಾ, ಬೀಜಿಂಗ್ ತಿರುಗಾಡಿ ಬಂದಿರಿ. ಇಲ್ಲೇ ಕೃಷ್ಣೆಗೆ ಬನ್ರಿ.

ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಹೊಲ ಇರುವುದು ಅಥಣಿ ಕಡೆ ನದಿ ದಂಡೆಗೆ. ಆಗಸ್ಟ್ ಬಂತು ಅಂದರೆ ನಮ್ಮ ಮನೆಯಲ್ಲಿ ಮೂರು ಪ್ರಶ್ನೆ. ಕೊಯ್ನಾದಲ್ಲಿ ಎಷ್ಟು ಟಿಎಂಸಿ ತುಂಬಿದೆ? ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಾರೆ? ಕಲ್ಲೋಳ-ಯಡೂರ ಸೇತುವೆ ಮುಳುಗಿತೋ ಇಲ್ಲವೋ? ಕೊಯ್ನಾ 105 ಟಿಎಂಸಿ ಡ್ಯಾಂ. ಅದು ತುಂಬಿ ಸಾತಾರಾ ಕಡೆ ಮಳೆಯೂ ಹಿಡಿದುಕೊಂಡಿತು ಅಂದರೆ ನಮ್ಮ ಅಪ್ಪ ಪಂಪ್‌ಸೆಟ್ ಬಿಚ್ಚಿ ಮೇಲೆ ತರಿಸುತ್ತಾರೆ. ಅವರಿಗೆ ಮೊದಲು ಸುದ್ದಿ ಹೇಳುವುದು ಯಾವ ಇಲಾಖೆಯೂ ಅಲ್ಲ, ಸಾಂಗ್ಲಿಯಲ್ಲಿರುವ ನಮ್ಮ ಮಾವ. "ಆಯರ್ವಿನ್ ಸೇತುವೆಗೆ ನೀರು ಇಷ್ಟು ಅಡಿ ಬಂತು" ಅಂತ ಅವರು ಫೋನ್ ಮಾಡಿದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ.

2019ರಲ್ಲಿ ಏನಾಯಿತು ಗೊತ್ತಲ್ಲ. ಸಾಂಗ್ಲಿಯವರು ಆಲಮಟ್ಟಿಯನ್ನು ಬೈದರು, ನಾವು ಕೊಯ್ನಾವನ್ನು ಬೈದೆವು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೇ ಬಂದು ಯಡಿಯೂರಪ್ಪನವರ ಜೊತೆ ಕೂತು ಮಾತಾಡಿದರು. ಕೃಷ್ಣಾ, ಭೀಮಾ ನೀರಿನ ಅಂಕಿಯನ್ನು ಆಗಿಂದಾಗಲೇ ಹಂಚಿಕೊಳ್ಳೋಣ ಅಂತ. ಅದು ಒಳ್ಳೆ ಕೆಲಸ, ಯಾರು ಏನೇ ಅನ್ನಲಿ. ಆದರೆ ಉಜನಿಯಿಂದ ನೀರು ಬಿಟ್ಟಾಗ ಅಫಜಲಪುರದ ದಂಡೆಯವರು ಇವತ್ತಿಗೂ ಸೊಲ್ಲಾಪುರದ ಬೀಗರಿಗೇ ಫೋನ್ ಹಚ್ಚುತ್ತಾರೆ.

ಒಂದೇ ದೇಶ, ಒಂದೇ ಕೇಂದ್ರ ಜಲ ಆಯೋಗ. ಆದರೂ ಈ ಪಾಡು. ಮತ್ತೆ ಐದು ದೇಶದ ಮಾತು ಯಾಕೆ ಬಿಡ್ರಿ.

ಅತ್ತಿಬೆಲೆ ಗಡಿ

ಅಥಣಿ ಸರ್, ನೀವು ಕೆಳಗಿನವರ ಕಷ್ಟ ಹೇಳಿದಿರಿ. ಬೆಂಗಳೂರಿನವರು ಮೇಲಿನವರು ಅನ್ನುವುದು ಇಲ್ಲಿ ಯಾರಿಗೂ ನೆನಪೇ ಇಲ್ಲ.

ನಗರದ ಅರ್ಧ ನೀರು ಪಶ್ಚಿಮಕ್ಕೆ, ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ. ಇನ್ನರ್ಧ ಪೂರ್ವಕ್ಕೆ. ಬೆಳ್ಳಂದೂರು ಕೋಡಿ ಹರಿದರೆ ವರ್ತೂರು, ವರ್ತೂರು ಕೋಡಿ ಹರಿದರೆ ದಕ್ಷಿಣ ಪಿನಾಕಿನಿ. ಅದು ಗಡಿ ದಾಟಿದ ಮೇಲೆ ಹೊಸೂರಿನ ಕೆಲವರಪಳ್ಳಿ ಡ್ಯಾಂ. ಅಲ್ಲಿಂದ ಕೃಷ್ಣಗಿರಿ, ಸಾತನೂರು, ಕಡಲೂರು, ಸಮುದ್ರ. 2022ರ ಸೆಪ್ಟೆಂಬರ್ 5ರ ಬೆಳಗ್ಗೆ ಬೆಂಗಳೂರಲ್ಲಿ 131.6 ಮಿ.ಮೀ. ದಾಖಲಾಯಿತು. ಟಿವಿಯವರೆಲ್ಲ ಔಟರ್ ರಿಂಗ್ ರೋಡಿನಲ್ಲಿ ದೋಣಿ ತೋರಿಸುತ್ತಿದ್ದರು. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ಕೇಳಿದರಾ? ನನ್ನ ಅಂಗಡಿಗೆ ಬರುವ ಹೊಸೂರಿನ ಗುಲಾಬಿ ಬೆಳೆಗಾರರಿಗೆ ಕೆಲವರಪಳ್ಳಿ ಗೇಟ್ ಎತ್ತಿದಾಗ ಬರುವ ನೊರೆ ನೋಡಿಯೇ ಬೆಂಗಳೂರಲ್ಲಿ ಮಳೆ ಜೋರು ಅಂತ ಗೊತ್ತಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಫೆಂಗಲ್ ಬಂದಾಗ ಊತಂಗರೈನಲ್ಲಿ ಒಂದೇ ದಿನ 50 ಸೆಂ.ಮೀ. ಆಸುಪಾಸು ಮಳೆ. ಸಾತನೂರಿನಿಂದ 1.68 ಲಕ್ಷ ಕ್ಯೂಸೆಕ್ ಬಿಟ್ಟರು. ಹೇಳದೆ ಬಿಟ್ಟಿರಿ ಅಂತ ವಿರೋಧ ಪಕ್ಷ, ಹೇಳಿಯೇ ಬಿಟ್ಟೆವು ಅಂತ ಸರ್ಕಾರ. ಡುಂಬೂರ್ ಕಥೆಯೇ, ಭಾಷೆ ಮಾತ್ರ ಬೇರೆ. ಆ ನೀರು ಹೆಚ್ಚಾಗಿ ಅಲ್ಲಿಯ ಮಳೆಯದೇ, ನಮ್ಮದಲ್ಲ. ನಮ್ಮಲ್ಲೂ ಅದೇ ದಿನ 2022ರ ಹಾಗೆ ಸುರಿದಿದ್ದರೆ?

ಹಾಸನದ ಹುಡುಗಿ

ಇದು ಒಳ್ಳೆ ಮಾತು. ಇನ್ನೊಂದು ತಮಾಷೆ ಗೊತ್ತಾ? ಬೆಂಗಳೂರಿನ ಮೋಡವನ್ನು ನಾವು ವರ್ಷಗಟ್ಟಲೆ ನೋಡಿದ್ದು ಚೆನ್ನೈ ರೇಡಾರ್‌ನಲ್ಲಿ. ಭೂಮಿ ಗುಂಡಗಿದೆ, ರೇಡಾರ್ ಕಿರಣ ನೆಟ್ಟಗೆ ಹೋಗುತ್ತದೆ. ಸುಮಾರು 290 ಕಿ.ಮೀ. ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಅದು ಸಮುದ್ರಮಟ್ಟದಿಂದ 5 ಕಿ.ಮೀ.ಗೂ ಮೇಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ನೆರೆಯವರ ರೇಡಾರ್ ನಂಬಿ ಬದುಕುವುದು ಅಂದರೆ ಏನು ಅಂತ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರಬೇಕು.

ರಾಜಾಜಿನಗರ 2ನೇ ಬ್ಲಾಕ್

ಸಾರ್ಕ್ ಏನು ಮಾಡುತ್ತಿದೆ ಇದಕ್ಕೆಲ್ಲ? ಇದೆಯಾ ಇನ್ನೂ?

ಮಳೆಮಾಪಕ

ಹೆಸರಿಗೆ ಇದೆ. 2014ರ ಕಠ್ಮಂಡು ಸಭೆಯ ನಂತರ ಶೃಂಗಸಭೆಯೇ ನಡೆದಿಲ್ಲ. ಢಾಕಾದಲ್ಲಿ 1995ರಲ್ಲಿ ಶುರುವಾದ ಸಾರ್ಕ್ ಹವಾಮಾನ ಸಂಶೋಧನಾ ಕೇಂದ್ರ ಈಗಿಲ್ಲ. ಕೆಲಸ ಬೇರೆ ಬೇರೆ ಕಡೆ ಹಂಚಿಹೋಗಿದೆ. ಬಂಗಾಳ ಕೊಲ್ಲಿ ಭಾಗದ ದೇಶಗಳ ಕೂಟವಾದ ಬಿಮ್‌ಸ್ಟೆಕ್‌ನ ಹವಾಮಾನ ಕೇಂದ್ರ ನೋಯ್ಡಾದಲ್ಲಿದೆ. ಥಾಯ್ಲೆಂಡ್‌ನಲ್ಲಿ 2009ರಿಂದ ರೈಮ್ಸ್ ಅಂತ ಒಂದು ಕೂಟ ಇದೆ, ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಸೇರಿ ನಡೆಸುವುದು. ಸ್ವಂತ ದೊಡ್ಡ ಕಂಪ್ಯೂಟರ್ ಇಲ್ಲದ ಸಣ್ಣ ದೇಶಗಳಿಗೆ ಅದರಿಂದ ತುಂಬಾ ಉಪಯೋಗ. ಮುಂಗಾರು ಹೇಗಿರಬಹುದು ಅಂತ ದಕ್ಷಿಣ ಏಷ್ಯಾದ ಹವಾಮಾನದವರು 2010ರಿಂದ ಪ್ರತಿ ವರ್ಷ ಒಟ್ಟಿಗೆ ಅಂದಾಜು ಕೊಡುತ್ತಾರೆ. ರಾಜಕೀಯದವರ ಟೇಬಲ್ ಖಾಲಿ ಇದ್ದರೂ ಹವಾಮಾನದವರ ಟೇಬಲ್ ಖಾಲಿಯಾಗಿಲ್ಲ.

ಕೆರೆಕೋಡಿ_ಯಲಹಂಕ

ಎಲ್ಲರಿಗೂ ಥ್ಯಾಂಕ್ಸ್. ಅತ್ತಿಬೆಲೆ ಅವರ ಮಾತು ಓದಿದ ಮೇಲೆ ನಿನ್ನೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ವಿಷಯ ಎತ್ತಿದೆ. ನಮ್ಮ ಮೇಲೆ ಎರಡು ಕೆರೆ, ಕೆಳಗೆ ಮೂರು ಲೇಔಟ್. ಮೇಲಿನ ಕೆರೆ ಕೋಡಿ ಹತ್ತಿರ ಒಂದು ಸೆನ್ಸರ್ ಹಾಕಿ, ನೀರು ಏರಿದರೆ ನಮಗೂ ಕೆಳಗಿನವರಿಗೂ ಒಟ್ಟಿಗೆ ಮೆಸೇಜ್ ಹೋಗುವ ಹಾಗೆ ಮಾಡೋಣ ಅಂದೆ. "ಕೆಳಗಿನವರಿಗೆ ನಾವ್ಯಾಕೆ ದುಡ್ಡು ಹಾಕಬೇಕು?" ಅಂತ ಒಬ್ಬರು ಎದ್ದು ನಿಂತರು. "ದೇಶ ಮೊದಲು" ಸರ್ ನೆನಪಾದರು, ಬೇಜಾರು ಮಾಡಿಕೊಳ್ಳಬೇಡಿ. ಕೊನೆಗೆ ಒಪ್ಪಿದರು. ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಕೊಟೇಶನ್ ತರಿಸಿದ್ದೇವೆ. ಟೆಲಿಮೆಟ್ರಿ ಅಣ್ಣ, ಸರಿ ಇದೆಯಾ?

ಪೀಣ್ಯ_ಟೆಲಿಮೆಟ್ರಿ

ಕೋಡಿ ಹತ್ತಿರ ನೊರೆ ಬರುತ್ತದಾ? ಬರುವ ಹಾಗಿದ್ದರೆ ಅಲ್ಟ್ರಾಸಾನಿಕ್ ಬೇಡ. ಅದು ಶಬ್ದ ಕಳಿಸಿ ಅಳೆಯುವುದು, ನೊರೆ ಆ ಶಬ್ದವನ್ನು ನುಂಗುತ್ತದೆ, ಅಂಕಿ ತಪ್ಪು ಬರುತ್ತದೆ, ಇಲ್ಲ ಬರುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಸುಳ್ಳು ಅಲಾರಂ ಹೊಡೆದರೆ ಮೂರನೇ ಸಲಕ್ಕೆ ಜನ ಗ್ರೂಪನ್ನೇ ಮ್ಯೂಟ್ ಮಾಡುತ್ತಾರೆ. ರೇಡಾರ್ ಮಾದರಿಯದು ಸ್ವಲ್ಪ ದುಬಾರಿ, ಆದರೆ ನೊರೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಜೊತೆಗೆ ಕಲ್ಲಿಗೆ ಅಳತೆಪಟ್ಟಿ ಬಳಿಸಿ ಒಂದು ಕ್ಯಾಮೆರಾ ಇಡಿ, ಸೆನ್ಸರ್ ಸುಳ್ಳು ಹೇಳಿದರೆ ಕಣ್ಣಲ್ಲೇ ನೋಡಬಹುದು.

ಮಳೆ ಅಂಕಿಗೆ ಹೊಸ ಡಬ್ಬಿ ಬೇಡ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಮೇಘ ಸಂದೇಶ ಆ್ಯಪ್ ಇರುವುದೇ ಬೆಂಗಳೂರಿಗೆ. ಅದನ್ನು ಇಟ್ಟುಕೊಳ್ಳಿ.

ಬ್ಯಾಟರಿ ಬಾಕ್ಸ್ ಎಲ್ಲಿ ಇಡುತ್ತೀರಿ?

ಕೆರೆಕೋಡಿ_ಯಲಹಂಕ

ಪಂಪ್ ಹೌಸ್ ಒಳಗೆ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ.

ಪೀಣ್ಯ_ಟೆಲಿಮೆಟ್ರಿ

2024ರಲ್ಲಿ ಪಂಪ್ ಹೌಸ್‌ಗೆ ನೀರು ನುಗ್ಗಿತ್ತಾ?

ಕೆರೆಕೋಡಿ_ಯಲಹಂಕ

ನುಗ್ಗಿತ್ತು. ಎಲೆಕ್ಟ್ರಿಷಿಯನ್‌ಗೆ ಈಗಲೇ ಫೋನ್ ಮಾಡುತ್ತೇನೆ.